ಸೋಮನಾಥಪುರದಲ್ಲಿ ಒಂದು ಸಹಿ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯ ಅರ್ಥವನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆ ಗಾದೆ ನನಗೂ ಅನ್ವಯಿಸುತ್ತದೆಂಬುದು ಮಾತ್ರ ಕಳೆದ ಆಷಾಢದ ಒಂದು ಭಾನುವಾರದವರೆಗೆ ನನಗೆ ಹೊಳೆದಿರಲಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಅಕ್ಕ ಹನ್ನೊಂದು ವರ್ಷದ ಮಗನೊಂದಿಗೆ ಮೂರು ವಾರಗಳ ಮಟ್ಟಿಗೆ ಜಯನಗರದ ನಮ್ಮ ಮನೆಗೆ ಬಂದಿದ್ದಳು. ಮೊದಲ ವಾರ ನೆಂಟರಿಷ್ಟರ ಮನೆಗಳಲ್ಲಿ ಕಳೆಯಿತು. ಎರಡನೆಯ ವಾರ ನಾಲ್ಕನೆಯ ಬ್ಲಾಕಿನ ಅಂಗಡಿಗಳಲ್ಲಿ ಕರಗಿತು. ಅಷ್ಟರಲ್ಲಿ ಹುಡುಗ ಬೇಸತ್ತಿದ್ದ. "ಇವನಿಗೆ ನಮ್ಮ ಕಡೆಯದು, ಹಳೆಯದು ಏನಾದರೂ ತೋರಿಸಬೇಕು ಕಣೋ" ಎಂದಳು ಅಕ್ಕ. ಮರುದಿನವೇ ಕಾರು, ಚಾಲಕ, ಮಾರ್ಗದರ್ಶಿ ಮೂರೂ ಸೇರಿದ ಒಂದು ದಿನದ ಖಾಸಗಿ ಪ್ರವಾಸವನ್ನು ಗೊತ್ತುಮಾಡಿಯೂ ಬಿಟ್ಟಳು. ಬೆಳಗ್ಗೆ ಸೋಮನಾಥಪುರ, ಮಧ್ಯಾಹ್ನ ಶ್ರೀರಂಗಪಟ್ಟಣ, ರಾತ್ರಿಯ ಊಟಕ್ಕೆ ಮನೆ.

ನನಗೆ ಒಳಗೊಳಗೇ ಅಸಮಾಧಾನವಾಯಿತು. "ಕಾರು ಸರಿ, ಮಾರ್ಗದರ್ಶಿ ಏತಕ್ಕೆ? ಕನ್ನಡ ಎಂ.ಎ. ಮಾಡಿ ಹತ್ತು ವರ್ಷದಿಂದ ಹಳಗನ್ನಡ ಹೇಳುತ್ತಿರುವ ತಮ್ಮ ಮನೆಯಲ್ಲೇ ಇದ್ದಾನಲ್ಲ" ಎಂದೆ.

"ನೀನು ಪಾಠ ಮಾಡ್ತೀಯ, ಅವರು ತೋರಿಸ್ತಾರೆ" ಎಂದು ಅಕ್ಕ ನಕ್ಕಳು. ಆ ಮಾತಿನ ಬೆಲೆ ಸಂಜೆಯ ಹೊತ್ತಿಗೆ ತಿಳಿಯಿತು.

ಬೆಳಗ್ಗೆ ಆರಕ್ಕೆ ಹೊರಟೆವು. ಬನಶಂಕರಿ ಗುಡಿಯ ಬಳಿ ಮಾರ್ಗದರ್ಶಿ ಕಾರನ್ನೇರಿದರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಕೊಡೆ. ಪ್ರೌಢಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರಾಗಿ ನಿವೃತ್ತರಾದವರಂತೆ. ಅಮೆರಿಕದ ಹುಡುಗನಿಗಾಗಿ ಇಂಗ್ಲಿಷಿನಲ್ಲಿ ಭಾಷಣ ಆರಂಭಿಸುವರೆಂದು ನಾನು ಕಾದೆ. ಅವರು "ಏನು ಮಗು, ತಿಂಡಿ ಆಯ್ತಾ?" ಎಂದು ಕೇಳಿ ಸುಮ್ಮನೆ ಕುಳಿತರು.

ದಕ್ಷಿಣ ಬೆಂಗಳೂರಿನವರಿಗೆ ಸೋಮನಾಥಪುರಕ್ಕೆ ಹೋಗಲು ಕನಕಪುರ ರಸ್ತೆಯೇ ಸಹಜವಾದ ದಾರಿ. ರೇಷ್ಮೆ ಸಂಸ್ಥೆಯವರೆಗೂ ಮೆಟ್ರೋದ ಕಂಬಗಳು ಜೊತೆಗೂಡಿ ಬರುತ್ತವೆ. ಅಲ್ಲಿಂದ ಮುಂದೆ ಊರು ತೆಳುವಾಗಿ ಬಂಡೆಗಳ ನಾಡು ತೆರೆದುಕೊಳ್ಳುತ್ತದೆ. ಕನಕಪುರ, ಸಾತನೂರು, ಹಲಗೂರುಗಳನ್ನು ಹಾಯ್ದು ಮಳವಳ್ಳಿ ಸೇರುವಷ್ಟರಲ್ಲಿ ನೆಲದ ಬಣ್ಣವೇ ಬೇರೆ. ನಾಲೆಯ ನೀರು, ಕಬ್ಬು, ಬತ್ತದ ಗದ್ದೆಗಳು. ಕಿರುಗಾವಲಿನ ಮೇಲೆ ಹಾದು, ಕುರಿಗಳಿಗೆ ಹೆಸರಾದ ಬನ್ನೂರನ್ನು ದಾಟಿದರೆ ಸೋಮನಾಥಪುರ ದೂರವಿಲ್ಲ. ಒಟ್ಟು ಸುಮಾರು 130 ಕಿಲೋಮೀಟರು.

ನಾನು ಸೋಮನಾಥಪುರವನ್ನು ಮೊದಲೇ ನೋಡಿದ್ದೆ. ಕಾಲೇಜಿನ ದಿನಗಳಲ್ಲಿ, ಐವತ್ತು ಜನ ಗೆಳೆಯರೊಡನೆ, ಒಂದು ಗಂಟೆಯ ಮಟ್ಟಿಗೆ. ಹುಲ್ಲಿನ ಮೇಲೆ ಕುಳಿತು ಪುಳಿಯೋಗರೆ ತಿಂದದ್ದು ಚೆನ್ನಾಗಿ ನೆನಪಿದೆ. ಉಳಿದದ್ದನ್ನೆಲ್ಲ ಪುಸ್ತಕದಿಂದ ತಿಳಿದದ್ದು.

ಮಹಾದ್ವಾರದ ಬಳಿ ನಿಂತಿರುವ ಎತ್ತರದ ಶಾಸನದ ಕಲ್ಲನ್ನು ಕಂಡೊಡನೆ ನನ್ನ ನಾಲಗೆ ಸುಮ್ಮನಿರಲಿಲ್ಲ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು ಇಲ್ಲಿ ಅಗ್ರಹಾರವನ್ನು ಸ್ಥಾಪಿಸಿ ಅದಕ್ಕೆ ತನ್ನ ಹೆಸರನ್ನೇ ಇಟ್ಟದ್ದು. 13ನೆಯ ಶತಮಾನದಲ್ಲಿ, 1258ರಲ್ಲೆಂದು ಕೆಲವರೂ 1268ರಲ್ಲೆಂದು ಕೆಲವರೂ ಹೇಳುವಂತೆ, ಈ ಕೇಶವ ದೇವಾಲಯವನ್ನು ಕಟ್ಟಿಸಿದ್ದು. ಮೂರು ಗರ್ಭಗುಡಿಗಳಲ್ಲಿ ಕೇಶವ, ಜನಾರ್ದನ, ವೇಣುಗೋಪಾಲರನ್ನು ಪ್ರತಿಷ್ಠಿಸಿದ್ದು. ಮೂಲ ಕೇಶವನ ವಿಗ್ರಹ ಕಾಣೆಯಾದದ್ದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳೊಡನೆ ಇದೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಎಲ್ಲವನ್ನೂ ಕ್ರಮವಾಗಿ ನಿರೂಪಿಸಿದೆ. ತಿರುಗಿ ನೋಡಿದರೆ ಹುಡುಗ ಹುಲ್ಲಿನ ಮೇಲೆ ಓಡುತ್ತಿದ್ದ ಅಳಿಲನ್ನು ನೋಡುತ್ತಿದ್ದ. ಅಕ್ಕ ನನ್ನ ಕಡೆ ನೋಡಲಿಲ್ಲ. ಅದು ಅವಳ ದೊಡ್ಡತನ.

ದ್ವಾರವನ್ನು ದಾಟಿ ಒಳಗೆ ಕಾಲಿಟ್ಟಾಗ ಮಾತ್ರ ನಾಲ್ವರೂ ಮೌನವಾದೆವು. ಸುತ್ತಲೂ ಕಂಬಗಳ ಕೈಸಾಲೆ. ನಡುವೆ ನಕ್ಷತ್ರಾಕಾರದ ಜಗತಿಯ ಮೇಲೆ ಮೂರು ಶಿಖರಗಳ ಗುಡಿ. ಬೇಲೂರಿನಷ್ಟು ವಿಸ್ತಾರವಿಲ್ಲ, ಒಂದೇ ನೋಟಕ್ಕೆ ಇಡಿಯಾಗಿ ಸಿಕ್ಕುವಂಥದು. ಮೋಡ ಕವಿದ ಬೆಳಕಿನಲ್ಲಿ ಕಲ್ಲು ಹಸಿಯ ಬೂದಿಯ ಬಣ್ಣ ತಳೆದಿತ್ತು.

ಮೇಷ್ಟ್ರು ಹುಡುಗನ ಭುಜದ ಮೇಲೆ ಕೈಯಿಟ್ಟರು. "ಮಗು, ಗೋಡೆಯ ಕೆಳಗಿನ ಸಾಲು ನೋಡು. ಎಲ್ಲ ಆನೆ. ಇವುಗಳಲ್ಲಿ ಒಂದೇ ಥರ ಇರೋ ಎರಡು ಆನೆ ಹುಡುಕಿಕೊಡು. ಸಿಕ್ಕಿದರೆ ನಿನಗೆ ನನ್ನ ಪೆನ್ಸಿಲು."

ಹುಡುಗ ಓಡಿದ. ಗೋಡೆಗೆ ಮೂಗು ತಾಗುವಷ್ಟು ಸಮೀಪ ನಡೆಯುತ್ತ ಒಂದೊಂದು ಆನೆಯನ್ನೂ ನೋಡಿದ. ಒಂದು ಸೊಂಡಿಲಿನಿಂದ ಮುಂದಿನದರ ಬಾಲ ಹಿಡಿದಿದೆ, ಮತ್ತೊಂದು ತಲೆ ತಿರುಗಿಸಿದೆ, ಇನ್ನೊಂದು ಕೊಂಬೆ ಕಿತ್ತಿದೆ. ಅರ್ಧ ಸುತ್ತು ಬರುವಷ್ಟರಲ್ಲಿ ಅವನ ಕಣ್ಣು ತಾನಾಗಿಯೇ ಮೇಲೇರಿತು. ಆನೆಗಳ ಮೇಲೆ ಕುದುರೆಯ ಸವಾರರು, ಅದರ ಮೇಲೆ ಬಳ್ಳಿ, ಅದರ ಮೇಲೆ ಪುರಾಣದ ಕಥೆಗಳು, ಮಕರ, ಹಂಸ. ನಾನು ಹೇಳಿದ್ದರೆ ಇದು ಆರು ಅಂಶಗಳ ಪಟ್ಟಿಯಾಗುತ್ತಿತ್ತು. ಅವನು ತಾನೇ ಕಂಡುಹಿಡಿದು ಕೂಗಿ ಹೇಳಿದ. ಪೆನ್ಸಿಲು ಸಿಕ್ಕಲಿಲ್ಲ, ಒಂದೇ ಥರದ ಎರಡು ಆನೆ ಅವನಿಗೆ ಸಿಕ್ಕಲೇ ಇಲ್ಲ.

"ಇಷ್ಟು ಸಣ್ಣದಾಗಿ ಹೇಗೆ ಕೆತ್ತಿದರು?" ಎಂದು ಅಕ್ಕ ಕೇಳಿದಳು. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಉಳಿಗೆ ಸುಲಭವಾಗಿ ಒಗ್ಗುತ್ತದೆ. ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆ ಎಂದು ಮೇಷ್ಟ್ರು ವಿವರಿಸಿದರು. ಅದಕ್ಕಾಗಿಯೇ ವೇಣುಗೋಪಾಲನ ಬೆರಳಿನ ಉಗುರು, ದೇವಿಯ ಹಾರದ ಮಣಿ ಇಂದಿಗೂ ಎದ್ದು ಕಾಣುತ್ತವೆ. ಒಳಗೆ ಬಾಳೆಯ ಹೂವಿನ ಮೊಗ್ಗಿನಂತೆ ಇಳಿಬಿದ್ದ ಛಾವಣಿಗಳನ್ನು ನೋಡುತ್ತ ನಾವು ಕತ್ತು ನೋಯುವವರೆಗೂ ನಿಂತೆವು.

ಆಮೇಲೆ ಕೈಸಾಲೆಯ ನೆರಳಿನಲ್ಲಿ ಕುಳಿತಾಗ ಮೇಷ್ಟ್ರು ಹುಡುಗನಿಗೆ ಕಥೆ ಹೇಳಲು ತೊಡಗಿದರು. ಅಮರಶಿಲ್ಪಿ ಜಕಣಾಚಾರಿ, ಮನೆ ಬಿಟ್ಟು ಬಂದ ತಂದೆ, ತಂದೆಯನ್ನು ಹುಡುಕಿಕೊಂಡು ಬಂದ ಮಗ ಡಂಕಣ, ತಂದೆ ಕೆತ್ತಿದ ವಿಗ್ರಹದ ಹೊಟ್ಟೆಯಲ್ಲಿ ದೋಷವಿದೆಯೆಂದು ಮಗ ತೋರಿಸಲು ಒಳಗಿನಿಂದ ಹೊರಬಿದ್ದ ಕಪ್ಪೆ, ಮಾತಿಗೆ ಕಟ್ಟುಬಿದ್ದು ತಂದೆ ಕತ್ತರಿಸಿಕೊಂಡ ಬಲಗೈ. ಹುಡುಗ ಬಾಯಿ ತೆರೆದು ಕೇಳುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಕ್ಷಮಿಸಿ. ಜಕಣಾಚಾರಿಯ ಹೆಸರು ಈ ಗುಡಿಯ ಯಾವ ಶಾಸನದಲ್ಲೂ ಇಲ್ಲ. ಅದು ಜನಪದ ಕಥೆ. 1964ರಲ್ಲಿ ಬಂದ ಚಲನಚಿತ್ರದಿಂದ ಮನೆಮನೆಗೆ ತಲುಪಿತು. ಇಲ್ಲಿ ಕೆಲಸ ಮಾಡಿದವರ ನಿಜವಾದ ಹೆಸರುಗಳು ವಿಗ್ರಹಗಳ ಪೀಠದ ಮೇಲೇ ಇವೆ. ಮಲ್ಲಿತಮ್ಮ, ಮಸಣಿತಮ್ಮ, ಬಾಲೆಯ, ಚೌಡೆಯ, ನಂಜಯ. ಕವಿಚರಿತೆಯನ್ನು ಬರೆದ ಆರ್. ನರಸಿಂಹಾಚಾರ್ಯರು ಮೈಸೂರಿನ ಪುರಾತತ್ತ್ವ ಇಲಾಖೆಯ ಮುಖ್ಯರಾಗಿದ್ದಾಗ, 1917ರಲ್ಲಿ, ಈ ಗುಡಿಯ ಮೇಲೆಯೇ ಒಂದು ಪುಸ್ತಕ ಪ್ರಕಟಿಸಿ ಇವರೆಲ್ಲರನ್ನೂ ಗುರುತಿಸಿದ್ದಾರೆ."

ನನ್ನ ದನಿ ಸ್ವಲ್ಪ ಏರಿತ್ತೆಂದು ತೋರುತ್ತದೆ. ಮೇಷ್ಟ್ರು ಬೇಸರಗೊಳ್ಳಲಿಲ್ಲ. "ನೀವು ಹೇಳೋದು ಸತ್ಯ ಸಾರ್. ಆದರೆ ಕಥೆ ಇಲ್ಲದಿದ್ದರೆ ಮಕ್ಕಳು ಕಲ್ಲಿನ ಹತ್ತಿರ ಬರೋದಿಲ್ಲ. ಹತ್ತಿರ ಬಂದ ಮೇಲೆ ನಾನೂ ನಿಜವನ್ನೇ ತೋರಿಸ್ತೀನಿ. ಬನ್ನಿ" ಎಂದು ಎದ್ದರು.

ಗುಡಿಯ ಹಿಂಬದಿಯಲ್ಲಿ ಒಂದು ವಿಷ್ಣುಮೂರ್ತಿಯ ಕೆಳಗೆ ಅವರು ಕುಕ್ಕರಗಾಲಿನಲ್ಲಿ ಕುಳಿತರು. ಪೀಠದ ಮೇಲೆ ಉಗುರಿನಷ್ಟು ಗಾತ್ರದ ಕೆಲವು ಗೆರೆಗಳು. "ಓದಿ ಸಾರ್, ನೀವು ಹಳಗನ್ನಡದ ಮೇಷ್ಟ್ರು."

ನಾನು ಬಾಗಿದೆ. ಹತ್ತು ವರ್ಷ ಪಂಪ, ರನ್ನ, ಜನ್ನರನ್ನು ಪಾಠ ಹೇಳಿದವನು ಆ ನಾಲ್ಕೈದು ಅಕ್ಷರಗಳ ಮುಂದೆ ತೊದಲಿದೆ. "ವ... ವಲಿ..." ಮುಂದೆ ಹೋಗಲಿಲ್ಲ. ಕಾರಣವನ್ನು ಹೇಳಿಬಿಡುತ್ತೇನೆ. ನಾನು ಓದಿದ ಶಾಸನಗಳೆಲ್ಲ ಅಚ್ಚಿನವು. ರೈಸ್, ನರಸಿಂಹಾಚಾರ್ಯ ಮೊದಲಾದವರು ಬಿಸಿಲಿನಲ್ಲಿ ಕುಳಿತು ಕಲ್ಲಿನಿಂದ ಎತ್ತಿ, ಇಂದಿನ ಲಿಪಿಗೆ ಇಳಿಸಿ, ಹಾಳೆಯ ಮೇಲೆ ಬಡಿಸಿಟ್ಟದ್ದನ್ನು ನಾನು ಉಂಡವನು. ಕಲ್ಲನ್ನು ಓದುವ ಸಂದರ್ಭವೇ ನನಗೆ ಬಂದಿರಲಿಲ್ಲ. ಬಂದಿಲ್ಲವೆಂಬ ಕೊರತೆಯೂ ಅರಿವಿಗೆ ಬಂದಿರಲಿಲ್ಲ.

ಮೇಷ್ಟ್ರು ಚೀಲದಿಂದ ಚಿಕ್ಕ ಟಾರ್ಚೊಂದನ್ನು ತೆಗೆದು ಕಲ್ಲಿಗೆ ಒರಗಿಸಿ ಪಕ್ಕದಿಂದ ಬೆಳಕು ಬಿಟ್ಟರು. ನೇರ ಬೆಳಕಿನಲ್ಲಿ ಅಡಗಿದ್ದ ಗೆರೆಗಳು ಅಡ್ಡ ಬೆಳಕಿಗೆ ನೆರಳು ಪಡೆದು ಎದ್ದು ನಿಂತವು. ನಾನು 'ವ' ಎಂದು ಓದಿದ ಅಕ್ಷರಕ್ಕೆ ಒಂದು ಬಾಲವಿತ್ತು. ಅದು 'ಮ'. 'ಲಿ'ಯ ಕೆಳಗೆ ಒಂದು ಒತ್ತು ಇತ್ತು. ಮ, ಲ್ಲಿ, ತ, ಮ್ಮ.

"ಓ, ಇದು ನನಗೆ ಗೊತ್ತು!" ಎಂದ ಹುಡುಗ. ಅಮೆರಿಕದಲ್ಲಿ ವಾರಕ್ಕೊಮ್ಮೆ ನಡೆಯುವ ಕನ್ನಡ ತರಗತಿಯಲ್ಲಿ ಅವನು ಮೊದಲು ಕಲಿತ ಮಾತು 'ಅಮ್ಮ'. ಮೇಷ್ಟ್ರು ತಮ್ಮ ಪುಸ್ತಕದಲ್ಲಿ ಕಲ್ಲಿನ 'ಮ್ಮ'ವನ್ನೂ ಅದರ ಪಕ್ಕದಲ್ಲಿ ಇಂದಿನ 'ಮ್ಮ'ವನ್ನೂ ಬರೆದು ತೋರಿಸಿದರು. ಏಳೂವರೆ ನೂರು ವರ್ಷಗಳ ಅಂತರ ಅವನ ಕಣ್ಣಿಗೆ ಎರಡು ಕೈಬರಹಗಳ ವ್ಯತ್ಯಾಸದಂತೆ ಕಂಡಿತು.

"ಮಾವ, ದೇವರ ಕೆಳಗೆ ಅವನು ತನ್ನ ಹೆಸರು ಏಕೆ ಬರೆದ? ಅದು ತಪ್ಪಲ್ಲವಾ?"

ಪಾಠ ಮಾಡುವ ಧೈರ್ಯ ನನಗೆ ಉಳಿದಿರಲಿಲ್ಲ. ಮೇಷ್ಟ್ರೇ ಉತ್ತರಿಸಿದರು. ಹೊರಗೋಡೆಯ ಮೇಲೆ ಇಂಥ ಸುಮಾರು ಇನ್ನೂರು ದೊಡ್ಡ ವಿಗ್ರಹಗಳಿವೆ. ಅವುಗಳಲ್ಲಿ ನಲವತ್ತರಷ್ಟು ಈ ಮಲ್ಲಿತಮ್ಮನವೇ. ಒಮ್ಮೆ ಪೂರ್ತಿ ಹೆಸರು ಬರೆಯುತ್ತಾನೆ, ಒಮ್ಮೆ 'ಮಲ್ಲಿ' ಎಂದಷ್ಟೇ, ಒಮ್ಮೆ ಬರಿಯ 'ಮ'. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಗುಡಿಯಲ್ಲೂ ಅದೇ ಹೆಸರಿದೆ. ನಮ್ಮ ದೇಶದ ಬಹುಪಾಲು ಗುಡಿಗಳಲ್ಲಿ ಕಟ್ಟಿಸಿದ ದೊರೆಯ ಹೆಸರು ಉಳಿದಿದೆ, ಕಟ್ಟಿದವನ ಹೆಸರು ಉಳಿದಿಲ್ಲ. ಹೊಯ್ಸಳರ ನಾಡಿನ ಶಿಲ್ಪಿ ಮಾತ್ರ, ಅದೂ ಕನ್ನಡದಲ್ಲಿ, ಕೆಲಸ ತನ್ನದೆಂದು ಹೇಳಿ ಹೋಗಿದ್ದಾನೆ.

ಹುಡುಗನ ಕಣ್ಣು ಪಕ್ಕದ ಕಲ್ಲಿನ ಮೇಲೆ ಯಾರೋ ಇತ್ತೀಚೆಗೆ ಮೊಳೆಯಿಂದ ಗೀಚಿದ್ದ ಇನ್ನೊಂದು ಹೆಸರಿನ ಕಡೆ ಹೊರಳಿತು. "ಇದು?"

"ಕೆತ್ತಿದವನಿಗೆ ಹೆಸರು ಬರೆಯೋ ಹಕ್ಕಿದೆ ಮಗು, ನೋಡೋಕೆ ಬಂದವನಿಗೆ ಇಲ್ಲ" ಎಂದರು ಮೇಷ್ಟ್ರು.

ಮಧ್ಯಾಹ್ನ ಶ್ರೀರಂಗಪಟ್ಟಣ. ಕೋಟೆ, ರಂಗನಾಥನ ಗುಡಿ, 1799ರ ಮೇ 4ರಂದು ಟಿಪ್ಪು ಸುಲ್ತಾನ ಮಡಿದ ಸ್ಥಳ, ಹೈದರನ ಗುಂಬಜ್, ಎಲ್ಲವನ್ನೂ ಅವಸರದಲ್ಲಿ ನೋಡಿದೆವು. ಹೆಚ್ಚು ಹೊತ್ತು ನಿಂತದ್ದು 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಬಾಗಿನಲ್ಲಿ. ಪಶ್ಚಿಮದ ಗೋಡೆಯನ್ನೆಲ್ಲ ತುಂಬಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರದಲ್ಲಿ ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಹುಡುಗ ಯುದ್ಧವನ್ನು ನೋಡಲಿಲ್ಲ. ಗೋಡೆಯ ಕೆಳ ಅಂಚಿನುದ್ದಕ್ಕೂ ಬಾಗಿ ನಡೆದ. "ಮಾವ, ಸಹಿ ಎಲ್ಲಿ?"

ಸಹಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಯುದ್ಧಗಳ ಕಾಲದಲ್ಲಿ ಅಳಿಸಿಹೋದ ಈ ಚಿತ್ರವನ್ನು ಕರ್ನಲ್ ವೆಲ್ಲೆಸ್ಲಿ ಒಮ್ಮೆ ಸರಿಪಡಿಸಿದ. ಮತ್ತೆ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯ ಮೇರೆಗೆ, ಮೊದಲಿನ ಚಿತ್ರವನ್ನು ನೆನಪಿನಲ್ಲಿಟ್ಟುಕೊಂಡಿದ್ದ ನಮ್ಮ ದೇಶದ ಚಿತ್ರಗಾರನೊಬ್ಬ ಮತ್ತೆ ಬರೆದನೆಂದು ಮೇಷ್ಟ್ರು ಹೇಳಿದರು. ವೆಲ್ಲೆಸ್ಲಿ, ಡಾಲ್‌ಹೌಸಿ, ಟಿಪ್ಪು, ಬೇಲಿ. ಕಥೆಯಲ್ಲಿ ಎಲ್ಲರಿಗೂ ಹೆಸರಿತ್ತು, ಕುಂಚ ಹಿಡಿದವನೊಬ್ಬನನ್ನು ಬಿಟ್ಟು.

ಹೊಸ ಹೆದ್ದಾರಿಯ ಮೇಲೆ ಕತ್ತಲು ಕವಿಯುವ ಹೊತ್ತಿಗೆ ಹುಡುಗ ಕೇಳಿದ: "ಮಾವ, ನಮ್ಮ ಮನೆ ಹತ್ತಿರ ಅಕ್ಷರದ ಕಲ್ಲು ಇದೆಯಾ?"

"ಇದೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ. ಸುಮಾರು ಕ್ರಿ.ಶ. 890ರದು. ಬೆಂಗಳೂರಿನ ಹೆಸರು ಮೊದಲು ಕಾಣುವುದು ಅದರಲ್ಲೇ. ಗಂಗರ ಕಾಲದ ನಾಗತ್ತರನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಸತ್ತ ಸಂಗತಿ." ಇದರ ಮೇಲೆ ನಾನು ರಾಜ್ಯೋತ್ಸವದ ಸಭೆಗಳಲ್ಲಿ ಮೂರು ಭಾಷಣ ಮಾಡಿದ್ದೇನೆ.

"ನೀನು ನೋಡಿದ್ದೀಯಾ?"

ಬೇಗೂರು ನಮ್ಮ ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರು. ಬಿ.ಟಿ.ಎಂ. ಬಡಾವಣೆಯನ್ನು ದಾಟಿ ಹೋದರೆ ಒಂದು ಗಂಟೆಯ ದಾರಿಯೂ ಅಲ್ಲ. "ಇಲ್ಲ" ಎಂದೆ. ಮುಂದಿನ ಆಸನದಲ್ಲಿದ್ದ ಮೇಷ್ಟ್ರು ಏನೂ ಹೇಳದೆ ಚೀಲದಿಂದ ಟಾರ್ಚನ್ನು ತೆಗೆದು ಹಿಂದಕ್ಕೆ ಚಾಚಿದರು. ಬನಶಂಕರಿಯಲ್ಲಿ ಅವರು ಇಳಿಯುವಾಗ ಅದನ್ನು ಮರಳಿಸಲು ಹೋದೆ. ಕೆಲಸ ಮುಗಿದ ಮೇಲೆ ಕೊಡಿ ಎಂದರು.

ಅಕ್ಕ ಹೊರಡುವ ಎರಡು ದಿನ ಮುಂಚೆ ಸೋದರಳಿಯನನ್ನು ಕರೆದುಕೊಂಡು ಬೇಗೂರಿಗೆ ಹೋದೆ. ಒಂಬತ್ತನೆಯ ಶತಮಾನದ ಲಿಪಿ ಸೋಮನಾಥಪುರದ್ದಕ್ಕಿಂತ ಕಷ್ಟ. ಅವನು ಪಕ್ಕದಿಂದ ಟಾರ್ಚು ಹಿಡಿದ. ನಾನು ಅಚ್ಚಿನ ಪ್ರತಿಯನ್ನು ಕೈಯಲ್ಲಿಟ್ಟುಕೊಂಡು ಮೊದಲ ತರಗತಿಯ ಮಗುವಿನಂತೆ ಅಕ್ಷರ ಕೂಡಿಸಿದೆ. ಬೆಂಗಳೂರು ಎಂಬ ಹೆಸರು ಸಿಕ್ಕಲು ಮುಕ್ಕಾಲು ಗಂಟೆ ಹಿಡಿಯಿತು. ಸಿಕ್ಕಾಗ ನಾನೇ ಕೂಗಿಕೊಂಡೆನಂತೆ. ಹುಡುಗ ಮನೆಯಲ್ಲಿ ಎಲ್ಲರಿಗೂ ಹೇಳಿ ನಕ್ಕ.

ಟಾರ್ಚನ್ನು ಇನ್ನೂ ಹಿಂತಿರುಗಿಸಿಲ್ಲ. ಈ ವರ್ಷದ ನನ್ನ ಹಳಗನ್ನಡದ ಮೊದಲ ತರಗತಿ ಬೇಗೂರಿನಲ್ಲಿ ನಡೆಯಲಿದೆ. ಮೇಷ್ಟ್ರನ್ನೂ ಬರಹೇಳಿದ್ದೇನೆ. ಜಕಣಾಚಾರಿಯ ಕಥೆ ಹೇಳಿದರೂ ಅಡ್ಡಿಯಿಲ್ಲ ಎಂದಿದ್ದೇನೆ.