ಎಂಟು ಹಾಡುಗಳ ಪೆಟ್ಟಿಗೆ

ಹೊನ್ನಾಳಿಯಲ್ಲಿ ಕೆಟ್ಟ ಕೀಬೋರ್ಡು, ಹಳೆಯ ತಾಳದ ಪೆಟ್ಟಿಗೆಗಳನ್ನು ಕೊಳ್ಳುವವರು ಇಬ್ಬರೇ: ಗುಜರಿಯವರು ಮತ್ತು ನಾವು. ನಾವೆಂದರೆ ಮೂವರು. ಒಬ್ಬರು ಟಿ.ವಿ. ರಿಪೇರಿಯವರು, ಒಬ್ಬರು ಮೇಷ್ಟ್ರು, ಮತ್ತೊಬ್ಬರು ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿ ತಬಲಾ, ಢೋಲಕ್ ನುಡಿಸುತ್ತಿದ್ದವರು. ಊರಿಗೆಲ್ಲ ಅವರು ಚಾಚಾ. ನಾವು ಕೂಡಿಡುವುದು ಸೀಕ್ವೆನ್ಸರ್‌ಗಳನ್ನು. ಯಾವ ಸ್ವರ, ಯಾವ ಪೆಟ್ಟು ಯಾವಾಗ ಬರಬೇಕೆಂದು ಒಮ್ಮೆ ಹೇಳಿಕೊಟ್ಟರೆ ನೆನಪಿಟ್ಟುಕೊಂಡು ನುಡಿಸುವ ಯಂತ್ರಗಳಿವು. ಟೇಪ್ ರೆಕಾರ್ಡರಿನಂತೆ ದನಿಯನ್ನು ಹಿಡಿದಿಡುವುದಿಲ್ಲ, ಅಪ್ಪಣೆಗಳನ್ನಷ್ಟೇ ಇಟ್ಟುಕೊಳ್ಳುತ್ತವೆ.

ಇದು ಜಪಾನಿನವರು ಮೊದಲು ಕಂಡ ಕನಸೇನಲ್ಲ. 9ನೇ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರು ತಾನಾಗಿ ನುಡಿಯುವ ವಾದ್ಯವೊಂದನ್ನು ವಿವರಿಸಿ ಬರೆದರು. ತಿರುಗುವ ಉರುಳೆ, ಅದರ ಮೇಲೆ ಮೊಳೆಗಳು. ಮೊಳೆಗಳ ಜಾಗ ಬದಲಾದರೆ ನುಡಿಯೂ ಬದಲು. ಇಂದಿನ ಚಿಪ್ಪು ಮಾಡುವುದೂ ಅದನ್ನೇ. ನಮ್ಮ ಬೆಂಗಳೂರಿನಲ್ಲಿ, ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ ಕೊಳಲುವಾದಕ ಜಿ. ರಾಜ್‌ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು. ಅವರ ರಾಡೆಲ್ ಸಂಸ್ಥೆಯ 'ತಾಳಮಾಲಾ' ತಬಲಾ ಪೆಟ್ಟಿಗೆ ಎಷ್ಟೋ ಸಂಗೀತ ವಿದ್ಯಾರ್ಥಿಗಳ ಮನೆ ಸೇರಿತು. ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808 ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂಡಿಸಿ ಧ್ವನಿಮುದ್ರಿಕೆ ತಂದರು. ಆಗ ಕೇಳಿದವರು ಕಡಿಮೆ. 2010ರಲ್ಲಿ ಅದು ಹಾಲೆಂಡಿನಿಂದ ಮರಳಿ ಹೊರಬಂದಾಗ ಯುರೋಪಿನವರು ಬೆರಗಾದರು. ಆ ಎರಡು ಯಂತ್ರಗಳಿಗೆ ಈಗ ಲಕ್ಷಗಟ್ಟಲೆ ಬೆಲೆ. ನಮ್ಮ ಕೈಗೆಟುಕುವುದು ಬೇರೆ ಮಾಲು.

ಇಂಥ ತಾಳಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಸುತ್ತಿಗೆ 16 ಮನೆ. ಎಂಟು ಮಾತ್ರೆಯ ಕೆಹರ್ವಾ ಸಲೀಸಾಗಿ ಕೂರುತ್ತದೆ. ಏಳು ಮಾತ್ರೆಯ ರೂಪಕ್‌ಗೆ ಕೊನೆಯ ಎರಡು ಮನೆ ಮುಚ್ಚಿ 14ಕ್ಕೇ ತಿರುಗಿಸುತ್ತೇವೆ. ಕಷ್ಟವಿರುವುದು ಮನೆ ಮನೆಯ ನಡುವೆ ಬೀಳುವ ಪೆಟ್ಟಿನದು. 'ಕ್ವಾಂಟೈಜ್' ಗುಂಡಿ ಒತ್ತಿದರೆ ಯಂತ್ರ ಆ ಪೆಟ್ಟನ್ನು ಹತ್ತಿರದ ಮನೆಗೆ ಎಳೆದು ಕೂರಿಸಿಬಿಡುತ್ತದೆ. ಆ ಗುಂಡಿಗೆ ಚಾಚಾ ಇಟ್ಟ ಹೆಸರು ಡ್ರಿಲ್ ಮೇಷ್ಟ್ರು.

ಚಾಚಾ ತಬಲಾ ಬಿಟ್ಟದ್ದು ಇಂಥದೇ ಯಂತ್ರದಿಂದ. 1990ರ ದಶಕದಲ್ಲಿ ಅವರ ತಂಡದ ಕೀಬೋರ್ಡ್ ವಾದಕರು ಯಮಹಾ ಕ್ಯೂವೈ10 ತಂದರು. ವೀಡಿಯೋ ಕ್ಯಾಸೆಟ್ಟಿನಷ್ಟೇ ಗಾತ್ರ. ಬಾಸ್, ಕಾರ್ಡ್ಸ್, ಡ್ರಮ್ಸ್ ಎಲ್ಲ ಅದರೊಳಗೆ. ಗಣಪತಿ ಹಬ್ಬಕ್ಕೂ ಮದುವೆಗೂ ಎಂಟು ಜನ ಹೋಗುತ್ತಿದ್ದ ತಂಡ ಐದಕ್ಕಿಳಿಯಿತು. ವ್ಯಾನಿನ ಬಾಡಿಗೆ, ಊಟದ ಖರ್ಚು ಉಳಿದದ್ದರಿಂದ ಉಳಿದವರಾರೂ ತಕರಾರು ಮಾಡಲಿಲ್ಲ. ಚಾಚಾ ಹೂವಿನ ವ್ಯಾಪಾರಕ್ಕಿಳಿದರು.

ಆ ವಾದಕರು ಹೋದ ವರ್ಷ ತೀರಿಕೊಂಡರು. ಅವರ ಮನೆಯಾಕೆ ಚಾಚಾನಿಗೇ ಹೇಳಿಕಳಿಸಿದರು: "ಅದನ್ನ ನೀವೇ ತಗೊಂಡು ಹೋಗ್ರಿ ಅಣ್ಣ. ಇಲ್ಲಿದ್ರೆ ಗುಜರಿಗೆ ಹೋಗ್ತತಿ."

ಆ ಯಂತ್ರದ ನೆನಪಿನಲ್ಲಿ ಎಂಟು ಹಾಡುಗಳಿಗೆ ಜಾಗ. ಕರೆಂಟು ತೆಗೆದ ಮೇಲೂ ಹಾಡುಗಳನ್ನು ಕಾಯುವುದು ಒಳಗಿನ ಒಂದು ಲಿಥಿಯಂ ಸೆಲ್. ಮುಚ್ಚಳ ತೆಗೆದು ಅಳೆದರೆ, 3 ವೋಲ್ಟ್ ಇರಬೇಕಾದದ್ದು 2.3ಕ್ಕೆ ಇಳಿದಿತ್ತು. ಸೆಲ್ ಸತ್ತರೂ ಹಾಡು ಹೋಗುತ್ತದೆ, ಬದಲಿಸಲು ಕಿತ್ತರೂ ಹೋಗುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ನುಡಿಸಿ ದನಿ ಮುದ್ರಿಸಿಕೊಂಡೆವು. ಆಮೇಲೆ ಮಿಡಿ ತಂತಿ ಸಿಕ್ಕಿಸಿ ಅಪ್ಪಣೆಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡೆವು. ಬೇರೆ ಬೇರೆ ಕಂಪನಿಗಳು 1983ರಲ್ಲಿ ಒಪ್ಪಿಕೊಂಡ ಆ ಮಿಡಿ ಭಾಷೆ ಇಂದಿಗೂ ನಡೆಯುತ್ತದೆ. ಮೊಬೈಲಿನ ಚಾರ್ಜರ್ ಪಿನ್ನನ್ನು ಮತ್ತೆ ಮತ್ತೆ ಬದಲಿಸುತ್ತಿದ್ದವರು ಇದನ್ನು ನೋಡಿ ಕಲಿಯಬೇಕಿತ್ತು!

ಐದನೆಯ ಹಾಡು ಒಂದು ಕವ್ವಾಲಿಯ ಧಾಟಿ. ಚಾಚಾ ಅದನ್ನು ಮೂರು ಸಲ ಹಾಕಿಸಿದರು. ಉಳಿದ ಹಾಡುಗಳ ತಾಳವೆಲ್ಲ ಗೆರೆ ಎಳೆದಂತಿತ್ತು. ಇದರಲ್ಲಿ ಮಾತ್ರ ಡ್ರಿಲ್ ಮೇಷ್ಟ್ರ ಸುಳಿವಿಲ್ಲ. ಯಂತ್ರದ ಡ್ರಮ್ಮಿನ ದನಿಗಳಲ್ಲೇ, ಆ ಪುಟ್ಟ ಕೀಲಿಗಳನ್ನು ಬೆರಳಿನಿಂದ ಒತ್ತಿ ನುಡಿಸಿದ್ದರು. ಸಮ್ ಬರುವ ಮೊದಲು ಎಡಗೈ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು, ಪ್ರತಿ ಸುತ್ತಿನಲ್ಲೂ.

"ಇದು ನನ್ನ ಕೈ" ಎಂದರು ಚಾಚಾ.

ಅವರು ಬಾರಿಸುವುದನ್ನು ನಾವಿಬ್ಬರೂ ಹುಡುಗರಾಗಿದ್ದಾಗಿನಿಂದ ಕೇಳಿದವರು. ಆ ತಡ ಅವರದೇ, ಅನುಮಾನವಿಲ್ಲ. ಎಷ್ಟೋ ವರ್ಷ ಪಕ್ಕದಲ್ಲಿ ಕೂತಿದ್ದ ಮನುಷ್ಯ ಕೇಳಿ ಕೇಳಿ ಕಲಿತಿದ್ದರು. ಪ್ರೀತಿಯಿಂದ ಇಟ್ಟುಕೊಂಡರೋ, ಕಾರ್ಯಕ್ರಮ ಕಳೆಗಟ್ಟಲಿ ಎಂದೋ? ಕೇಳೋಣವೆಂದರೆ ಅವರಿಲ್ಲ. ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೈ ಇಟ್ಕೊಂಡು ನನ್ನನ್ನ ಕಳಿಸಿದ್ರು ನೋಡ್ರಿ" ಎಂದು ನಕ್ಕರು. ನಮಗೆ ನಗಲಾಗಲಿಲ್ಲ. ಯಂತ್ರ ಕೂಡಿಡುವ ನಮ್ಮ ಖುಷಿಯ ಹಿಂದೆ ಎಷ್ಟು ಜನರ ಕೂಲಿ ಹೋಗಿದೆಯೆಂದು ಅಂದಿನವರೆಗೆ ನಾವು ಲೆಕ್ಕ ಹಾಕಿರಲಿಲ್ಲ.

ಆ ವಾದಕರ ಮಗನೂ ಈಗ ತಂಡ ಕಟ್ಟಿದ್ದಾನೆ. ಅಪ್ಪನ ಹಾಡುಗಳನ್ನು ಕೇಳಿಕೊಂಡು ಬಂದ. ಎಂಟನ್ನೂ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆವು. ಐದನೆಯದರಲ್ಲಿ ತಾಳದ ಸಾಲೊಂದನ್ನು ಮಾತ್ರ ಚಾಚಾ ತೆಗೆಸಿದ್ದಾರೆ. ಆ ಹಾಡು ಬೇಕೆಂದಾಗ ಕರೆಯಲಿ, ಬಂದು ಬಾರಿಸುತ್ತೇನೆ ಎಂಬುದು ಅವರ ಷರತ್ತು. ಹುಡುಗ ತಲೆಯಾಡಿಸಿ ಹೋಗಿದ್ದಾನೆ. ಇನ್ನೂ ಕರೆ ಬಂದಿಲ್ಲ. ಚಾಚಾ ತಬಲಾಕ್ಕೆ ಹೊಸ ಪುಡಿ ಹಾಕಿಸಿದ್ದಾರೆ.