ಆರಿದ್ದು, ಒಣಗಿದ್ದು

ಕಳೆದ ಮಾರ್ಚ್ ತಿಂಗಳಲ್ಲಿ ನಮ್ಮ ಕಾಲೇಜಿನ ನಾಲ್ವರು ವಿಜ್ಞಾನ ವಿದ್ಯಾರ್ಥಿನಿಯರು ಸ್ಪರ್ಧೆಯೊಂದಕ್ಕಾಗಿ ಸೌರಶಕ್ತಿಯಿಂದ ಹಲಸಿನ ತೊಳೆ ಒಣಗಿಸುವ ಪೆಟ್ಟಿಗೆಯನ್ನು ಕಟ್ಟಿದರು. ವರದಿ ಇಂಗ್ಲಿಷಿನಲ್ಲಿರಬೇಕಾಗಿತ್ತು. ಆದರೆ ದಿನದಿನದ ದಾಖಲೆಯನ್ನು ನನ್ನ ಕನ್ನಡ ತರಗತಿಯ ಹುಡುಗಿಯೊಬ್ಬಳು ತನ್ನ ಮನೆಯ ಮಾತಿನಲ್ಲಿ ಬರೆಯುತ್ತಿದ್ದಳು. ಅದನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ವಿಜ್ಞಾನದ ಮೇಜಿನ ಬಳಿ ಕನ್ನಡ ಅಧ್ಯಾಪಕನಿಗೂ ಒಂದು ಕುರ್ಚಿ ಸಿಕ್ಕಿತೆಂದು ನಾನು ಹಿಗ್ಗಿದ್ದೆನೆಂಬುದನ್ನು ಮುಚ್ಚಿಡಲಾರೆ.

ಕಾಸರಗೋಡಿನ ಮನೆಗಳಿಗೆ ಒಣಗಿಸುವ ವಿದ್ಯೆ ಹೊಸದಲ್ಲ. ಬೇಸಗೆಯ ಅಂಗಳದಲ್ಲಿ ಹಲಸಿನ ಹಪ್ಪಳ, ಚಾಪೆಯ ಮೇಲೆ ದಿನಕ್ಕೊಂದು ಪದರವಾಗಿ ಬೆಳೆಯುವ ಮಾಂಬಳ, ಮಜ್ಜಿಗೆಯಲ್ಲಿ ನೆನೆದ ಬಾಳ್ಕದ ಮೆಣಸು: ಆಟಿಯ ಮಳೆಗೆ ಇವೇ ಆಸರೆ. ಕಡಲಿನ ತೇವದ ಗಾಳಿ, ನೊಣ, ಹೇಳದೆ ಬರುವ ಬೇಸಗೆಯ ಮಳೆ, ಈ ಮೂರರಿಂದ ತಿನಿಸನ್ನು ಕಾಯುವುದು ಮಕ್ಕಳ ಉದ್ದೇಶವಾಗಿತ್ತು. ಹಳೆಯ ಕಿಟಕಿಯ ಗಾಜು, ಕಪ್ಪು ಬಳಿದ ತಗಡು, ಬಲೆಯ ತಟ್ಟೆಗಳು, ಅಂಗೈಯಗಲದ ಸೌರಫಲಕದಿಂದ ತಿರುಗುವ ಕಂಪ್ಯೂಟರಿನ ಪುಟ್ಟ ಫ್ಯಾನು. ಬಿಸಿಯಾದ ಗಾಳಿ ಹೆಚ್ಚು ತೇವವನ್ನು ಹೊತ್ತುಕೊಂಡು ಮೇಲಿನ ಕಿಂಡಿಯಿಂದ ಹೊರಹೋಗಬೇಕು. ಆದರೆ ಉಷ್ಣಮಾಪಕ ದೊಡ್ಡ ಅಂಕಿಯನ್ನು ತೋರಿಸಲೆಂದು ಮಕ್ಕಳು ಆ ಕಿಂಡಿಯನ್ನೇ ರಟ್ಟಿನಿಂದ ಅರ್ಧ ಮುಚ್ಚಿದ್ದರು. ನಡುಹಗಲಲ್ಲಿ ಅದು 70 ಡಿಗ್ರಿ ಮುಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಎರಡನೆಯ ದಿನದ ಸಂಜೆ ದಾಖಲೆಯ ಪುಸ್ತಕ ನನ್ನ ಮೇಜಿಗೆ ಬಂತು. ಒಂದೆಡೆ ‘ಬಾಡಿತು’, ಒಂದೆಡೆ ‘ಆರಿತು’, ಇನ್ನೊಂದೆಡೆ ‘ಒಣಗಿತು’ ಎಂದಿತ್ತು. ಶಾಸ್ತ್ರೀಯ ಬರಹಕ್ಕೆ ಏಕರೂಪತೆ ಬೇಡವೇ? ಕೆಂಪು ಶಾಯಿಯಲ್ಲಿ ಎಲ್ಲವನ್ನೂ ‘ಒಣಗಿತು’ ಎಂದು ತಿದ್ದಿದೆ. ಆ ಹುಡುಗಿ ಮರುದಿನ ಬಂದಿರಲಿಲ್ಲ. ಉಳಿದವರು ಪುಸ್ತಕ ನೋಡಿ ತೊಳೆಗಳನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದರು.

ಐದನೆಯ ದಿನ ಬಾಟಲಿಯೊಳಗೆ ಬೂದುಬಣ್ಣದ ಬೂಷ್ಟು ಕಂಡಿತು. ಸ್ಪರ್ಧೆಗೆ ಉಳಿದದ್ದು ಒಂಬತ್ತು ದಿನ. ಹುಡುಗಿ ಒಂದು ಬಾಟಲಿಯನ್ನು ಮನೆಗೊಯ್ದು ಅಜ್ಜಿಗೆ ತೋರಿಸಿದಳಂತೆ. ಅಜ್ಜಿ ತುಂಡೊಂದನ್ನು ಮುರಿದು ನೋಡಿ, “ಇದು ಆರಿದ್ದು, ಒಣಗಿದ್ದಲ್ಲ” ಎಂದರಂತೆ. ಅತಿಯಾದ ಬಿಸಿಗೆ ಹೊರಮೈ ಬೇಗನೆ ಗಟ್ಟಿಯಾಗಿ, ಒಳಗಿನ ನೀರಿಗೆ ಹೊರಬರುವ ದಾರಿ ಮುಚ್ಚಿಹೋಗಿತ್ತು. ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ಇದನ್ನೇ ಕಪ್ಪುಹಲಗೆಯ ಮೇಲೆ ಗೆರೆ ಎಳೆದು ವಿವರಿಸಿದರು: ಮೇಲ್ಮೈಯ ತೇವ ಹೋಗುವ ವೇಗ ಒಂದು, ಒಡಲೊಳಗಿನ ತೇವ ಹೊರಡುವ ವೇಗ ಮತ್ತೊಂದು.

“ಸರ್, ನಾನು ಆರಿತು ಎಂದೇ ಬರೆದಿದ್ದೆ,” ಎಂದಳು ಹುಡುಗಿ. ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ರಟ್ಟನ್ನು ತೆಗೆದರು. ತೊಳೆಗಳನ್ನು ತೆಳ್ಳಗೆ ಸೀಳಿ, ಬಿಸಿಯನ್ನು 55 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದು, ತೂಕ ಇಳಿಯುವುದು ನಿಲ್ಲುವವರೆಗೆ ತೂಗುತ್ತ ಹೋದರು. ಈ ಬಾರಿಯ ಬಾಟಲಿ ಕೆಡಲಿಲ್ಲ. ಕೆಟ್ಟದ್ದನ್ನೂ ಪಕ್ಕದಲ್ಲಿಡಬೇಕೆಂದು ಹುಡುಗಿ ಹಟ ಹಿಡಿದಳು. ತೀರ್ಪುಗಾರರು ಕೇಳಿದ್ದು ಮಲಯಾಳದಲ್ಲಿ. ‘ಬಾಡು’ವಿಗೆ ಅಲ್ಲಿ ‘ವಾಡುಕ’ ಉಂಟು, ‘ಒಣಗು’ವಿಗೆ ‘ಉಣಙುಕ’ ಉಂಟು. ‘ಆರುಕ’ ಎಂದರೆ ಮಾತ್ರ ತಣಿಯುವ ಅರ್ಥವೇ ಮೊದಲು ಹೊಳೆಯುತ್ತದೆ. ಅವಳು ತಡವರಿಸದೆ ತನ್ನ ಕರವಸ್ತ್ರವನ್ನು ಒದ್ದೆ ಮಾಡಿ ಹಿಂಡಿ, ಫ್ಯಾನಿನ ಮುಂದೆ ಹಿಡಿದು ತೋರಿಸಿದಳು. ಬಹುಮಾನ ಬರಲಿಲ್ಲ.

ಆ ಪುಸ್ತಕವೀಗ ನಮ್ಮ ವಿಭಾಗದ ಕಪಾಟಿನಲ್ಲಿದೆ. ರಜೆಗೆ ಮೊದಲು ಇಬ್ಬರೂ ಕುಳಿತು ಅವಳ ಪದಗಳನ್ನು ಪೆನ್ಸಿಲಿನಲ್ಲಿ ಮತ್ತೆ ಬರೆದೆವು. ಏಳನೆಯ ಪುಟದಲ್ಲಿ ಮಾತ್ರ ನನ್ನ ಶಾಯಿ ದಪ್ಪವಾಗಿ ಕೂತಿದೆ. ಅದರಡಿಯಲ್ಲಿ ಯಾವ ಪದವಿತ್ತೆಂಬುದು ಅವಳಿಗೂ ನೆನಪಾಗಲಿಲ್ಲ.