ಹೋಸ್ ಕಳಚುವ ಹೊತ್ತು

2025ರ ಏಪ್ರಿಲ್ 12, ಶನಿವಾರ. ರಾಟರ್‌ಡ್ಯಾಮ್ ಬಂದರಿನ ಪಡುವಣ ತುದಿ, ಕಡಲು ತುಂಬಿಸಿ ಮಾಡಿದ ನೆಲ. ಕಂಟೇನರ್ ಕೆಲಸ ಇನ್ನೂ ಶುರುವಾಗದ ಹೊಸ ಧಕ್ಕೆಯಲ್ಲಿ ಎರಡು ಹಡಗುಗಳು ನಿಂತಿವೆ. ಹಡಗಿಗೆ ಇಂಧನವಾಗಿ ಅಮೋನಿಯಾ ತುಂಬಿಸುವುದರ ಪರೀಕ್ಷೆ ಇದು: ಒಂದರಿಂದ ಇನ್ನೊಂದಕ್ಕೆ 800 ಘನ ಮೀಟರ್ ದ್ರವ ಅಮೋನಿಯಾ ಹೋಗಬೇಕು. ನೀವು ಡೆಕ್ ಮೇಲೆ, ಗಾಳಿ ಬರುವ ಕಡೆಗೆ ನಿಂತುಕೊಳ್ಳಿ. ಇಲ್ಲಿ ಎಲ್ಲರ ಕಣ್ಣೂ ಆಗಾಗ ಗಾಳಿಯ ದಿಕ್ಕು ತೋರುವ ಗಾಳಿಚೀಲದ ಕಡೆ ಹೊರಳುತ್ತದೆ.

ಪಂಪು ಶುರುವಾಯಿತು. ಹೋಸ್ ಜೋಡಿಸಿದ ಉಕ್ಕಿನ ಮೇಲೆ ಮೊದಲು ನೀರಹನಿ, ಆಮೇಲೆ ಬೆಳ್ಳನೆಯ ಹಿಮದ ಪದರ. ಒಳಗೆ ಹರಿಯುತ್ತಿರುವುದು ಮೈನಸ್ 33 ಡಿಗ್ರಿಯ ದ್ರವ. ಕೈಗವಸಿಲ್ಲದೆ ಮುಟ್ಟಿದರೆ ಚರ್ಮ ಅಲ್ಲೇ ಅಂಟಿಕೊಳ್ಳುತ್ತದೆ.

ಮಲ್ಪೆಯ ಐಸ್ ಪ್ಲಾಂಟ್‌ಗಳ ಬದಿಯಲ್ಲಿ ಓಡಾಡಿದವರಿಗೆ ಅಮೋನಿಯಾದ ಘಾಟು ಗೊತ್ತು. ತುಸುವೇ ಸೋರಿದರೂ ಮೂಗು ಹಿಡಿಯುತ್ತದೆ, ಅದೇ ಇದರ ಒಳ್ಳೆಯ ಗುಣ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 300 ಪಾಲು ಸೇರಿತೆಂದರೆ ಪ್ರಾಣಕ್ಕೇ ಅಪಾಯ. ಅಮೋನಿಯಾ ಗಾಳಿಗಿಂತ ಹಗುರ, ಮೇಲೆ ಹಾರಿಹೋಗುತ್ತದೆ ಎಂದು ನಂಬಿ ಕೂರುವಂತಿಲ್ಲ. ತಣ್ಣಗೆ ಸೋರಿದ್ದು ತೇವದ ಗಾಳಿಯೊಂದಿಗೆ ಬಿಳಿ ಮೋಡವಾಗಿ ನೀರಿನ ಮೇಲೇ ತೆವಳುತ್ತದೆ. ಮೋಡ ಕಾಣುವಷ್ಟಕ್ಕೇ ಅಪಾಯ ಮುಗಿಯುವುದೂ ಇಲ್ಲ. ಆ ಆವಿಯನ್ನು ನೀರಿನ ತುಂತುರಿನಿಂದ ತಡೆಯಬಹುದು, ಆದರೆ ಚೆಲ್ಲಿ ನಿಂತ ದ್ರವಕ್ಕೆ ನೀರು ಹೊಡೆದರೆ ಅದು ಕುದಿದು ಇನ್ನಷ್ಟು ಆವಿ ಎಬ್ಬಿಸುತ್ತದೆ. ಏನಾದರೂ ಚೆಲ್ಲಿದರೆ ಮೊದಲು ನೀರು ಬಿಡುವ ನಮ್ಮ ಕೈಚಟ ಇಲ್ಲಿ ಕೆಲಸಕ್ಕೆ ಬಾರದು.

ಹಡಗುಗಳು ದೂರ ಸರಿದರೆ? ಅದಕ್ಕೇ ಹೋಸ್ ನಡುವೆ ತಾನಾಗಿ ಬಿಡಿಸಿಕೊಳ್ಳುವ ಜೋಡಣೆ ಇರುತ್ತದೆ. ಎಳೆತ ಹೆಚ್ಚಾದರೆ ಅದು ಎರಡಾಗಿ, ಎರಡೂ ಬಾಯಿ ಮುಚ್ಚಿಕೊಳ್ಳುತ್ತವೆ.

ಎರಡೂವರೆ ಗಂಟೆಯಲ್ಲಿ ಪಂಪಿನ ಕೆಲಸ ಮುಗಿಯಿತು. ನನ್ನ ಮಟ್ಟಿಗೆ ನಿಜವಾದ ಆತಂಕ ಶುರುವಾಗುವುದೇ ಈಗ. ಹರಿಯುವಾಗ ಎಲ್ಲವೂ ಉಕ್ಕಿನೊಳಗೆ ಭದ್ರ, ಕಳಚುವಾಗ ಮನುಷ್ಯನ ಮುಖ ಹೋಸ್‌ನ ಬಾಯಿಗೆ ಎದುರು. ಹೀಗಾಗಿ ಉಳಿದ ದ್ರವವನ್ನು ಟ್ಯಾಂಕಿಗೆ ನೂಕಿ, ನೈಟ್ರೋಜನ್ ಹಾಯಿಸಿ, ಆವಿ ಉಳಿದಿಲ್ಲವೆಂದು ಅಳೆದು ನೋಡಿದ ಮೇಲೆಯೇ ಬೋಲ್ಟಿಗೆ ಸ್ಪ್ಯಾನರ್ ಹಾಕುವುದು. ಉಸಿರಾಟದ ಮುಖವಾಡ ತೆಗೆಯುವ ಮಾತಂತೂ ಇಲ್ಲ.

ಈ ಪರೀಕ್ಷೆಗೆ ಖಾಲಿ ಧಕ್ಕೆ ಸಿಕ್ಕಿತು. ದಿನನಿತ್ಯದ ಕೆಲಸಕ್ಕೆ ಅದು ಸಿಗದು. ಎಣ್ಣೆಯಷ್ಟೇ ಶಕ್ತಿಗೆ ಅಮೋನಿಯಾ ಸುಮಾರು ಮೂರು ಪಟ್ಟು ಜಾಗ ಬೇಡುತ್ತದೆ. ಅಂದರೆ ಹೋಸ್ ಹೆಚ್ಚು ಹೊತ್ತು ತೂಗಬೇಕು ಇಲ್ಲವೇ ಹೆಚ್ಚು ಸಲ ಕಳಚಬೇಕು, ಅದೂ ಪಕ್ಕದಲ್ಲಿ ಕ್ರೇನುಗಳು ಕಂಟೇನರ್ ಎತ್ತುತ್ತಿರುವಾಗಲೇ.